ಎದೆಯ ಮೇಲಿನ ಆರು ವೈರು

ಮಂಡ್ಯ
6-1-2025

ದೊಡ್ಡವ್ವನಿಗೆ,

ಹೇಮಶ್ರೀ ಕಾಲಿಗೆ ಬಿದ್ದಳು ಅಂದುಕೊ. ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಿಡಘಟ್ಟದಲ್ಲಿ ಅಪ್ಪ ಅವ್ವ ಚೆನ್ನಾಗಿದ್ದಾರೆ. ಫೋನಿದ್ದೂ ಇವಳು ಯಾಕೆ ಬರೆದಳು ಅಂತ ದೊಡ್ಡಪ್ಪ ಕೇಳಿದರೆ ಮೇಡಂ ಕೊಟ್ಟ ಹೋಂವರ್ಕ್ ಅಂತ ಹೇಳು. ನಿಜಕ್ಕೂ ಹಾಗೇ.

ನಮಗೆ ಇ.ಸಿ.ಜಿ. ತೆಗೆಯುವುದನ್ನು ಕಲಿಸುವ ಆಶಾರಾಣಿ ಮೇಡಂ ಮೊನ್ನೆ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿ, ಟಿ ಅಲೆ ಅಂದರೇನು ಅಂತ ಕೇಳಿದರು. ಪುಸ್ತಕದಲ್ಲಿದ್ದ ಇಂಗ್ಲಿಷನ್ನು ಗಡಗಡ ಒಪ್ಪಿಸಿದೆ. ಅವರು ಕೆರಗೋಡಿನವರು, ಸಿಟ್ಟು ಬಂದರೆ ಊರಿನ ಮಾತೇ ಬರುತ್ತದೆ. "ಸರಿ ಕಣಮ್ಮ, ಈಗ ಇದ್ನೇ ನಿಮ್ಮನೇಲಿ ಒಬ್ರಿಗೆ ಯೋಳು ನೋಡಾನ" ಅಂದರು. ನಾನು ಮತ್ತೆ ಅದೇ ಇಂಗ್ಲಿಷನ್ನು ಶುರುಮಾಡಿದೆ. ಅದಕ್ಕೆ ಇಡೀ ಕ್ಲಾಸಿಗೆ ಶಿಕ್ಷೆ. ಒಬ್ಬೊಬ್ಬರೂ ಮನೆಯ ಒಬ್ಬರಿಗೆ ಕಾಗದ ಬರೆದು ತಿಳಿಸಬೇಕು, ಅರ್ಥವಾಯಿತೋ ಇಲ್ಲವೋ ಅಂತ ಅವರು ಉತ್ತರ ಬರೆಯಬೇಕು. ನಮ್ಮವ್ವ ಕಾಗದ ಬರೆಯುವವಳಲ್ಲ. ಅಪ್ಪ ನನ್ನ ಓದನ್ನು ಇವತ್ತಿಗೂ "ವೈರ್ ಕೆಲ್ಸ" ಅನ್ನುತ್ತಾರೆ. ಅಂಗನವಾಡಿಯಲ್ಲಿ ಅಷ್ಟು ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನೀನು. ರಜೆಗೆ ಬೆಳಕವಾಡಿಗೆ ಬಂದಾಗಲೆಲ್ಲ ನನ್ನನ್ನೂ ಬಿಟ್ಟವಳಲ್ಲ. ಈಗ ನೀನೇ ಸಿಕ್ಕಿಬಿದ್ದೆ.

ಹೃದಯಕ್ಕೆ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಮೇಲಿನ ಬಲಗಡೆ ಮೂಲೆಯಲ್ಲಿ ಒಂದು ಚಿಕ್ಕ ಜಾಗ ತನ್ನಷ್ಟಕ್ಕೆ ತಾನೇ ಕರೆಂಟು ಹುಟ್ಟಿಸುತ್ತದೆ. ಮೀಟರಿಲ್ಲ, ಲೋಡ್‌ಶೆಡ್ಡಿಂಗ್ ಇಲ್ಲ. ಆ ಕರೆಂಟು ಹರಿದ ಕಡೆಯೆಲ್ಲ ಹೃದಯದ ಸ್ನಾಯು ಹಿಂಡಿಕೊಳ್ಳುತ್ತದೆ. ಅದರ ಸುಳಿವು ಚರ್ಮದ ತನಕ ಬರುತ್ತದೆ. ನಮ್ಮ ಮೆಷಿನ್ನು ಅದನ್ನು ಹಿಡಿದು ಚೌಕಳಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಅಡ್ಡಕ್ಕೆ ನೋಡಿದರೆ ಕಾಲ, ಎತ್ತರಕ್ಕೆ ನೋಡಿದರೆ ಕರೆಂಟಿನ ಬಲ.

ಮೊದಲು ಒಂದು ಸಣ್ಣ ಉಬ್ಬು ಬರುತ್ತದೆ. ಅದು ಪಿ, ಮೇಲಿನ ಕೋಣೆಗಳು ಹಿಂಡುವ ಗುರುತು. ಆಮೇಲೆ ಒಂದು ಚೂರು ಸಮಗೆರೆ, ರಕ್ತ ಕೆಳಗಿಳಿಯಲು ಬಿಟ್ಟ ಪುರುಸೊತ್ತು. ಆಮೇಲೆ ಗರಗಸದ ಹಲ್ಲಿನಂತೆ ಎತ್ತರಕ್ಕೆ ಹಾರಿ ಇಳಿಯುವುದು ಕ್ಯೂ-ಆರ್-ಎಸ್. ಕೆಳಗಿನ ದೊಡ್ಡ ಕೋಣೆಗಳು ಹಿಂಡುವುದು ಆಗ. ನಾಡಿ ಹಿಡಿದಾಗ ಬೆರಳಿಗೆ ಸಿಗುವುದು ಅದೇ. ಕೊನೆಗೆ ಅಗಲವಾದ ಒಂದು ಗುಡ್ಡ, ಅದು ಟಿ. ಹಿಂಡಿದ ಸ್ನಾಯು ಮತ್ತೆ ಸಜ್ಜಾಗುವ ಹೊತ್ತು. ಅಲ್ಲಿಂದ ಮುಂದಿನ ಪಿ ಬರುವ ತನಕ ನೇರ ಗೆರೆ. ಅದು ವಿಶ್ರಾಂತಿ. ಇಷ್ಟಾದರೆ ಒಂದು ಬಡಿತ.

ಅರ್ಥವಾಗದಿದ್ದರೆ ಬೈದು ಬರೆ. ಮೇಡಂ ಅದನ್ನೂ ಓದುತ್ತಾರೆ.

ನಿನ್ನ ಹೇಮಶ್ರೀ


ಬೆಳಕವಾಡಿ
13-1-2025

ಹೇಮಾ,

ಕಾಗದ ಬಂತು. ಪೋಸ್ಟಿನ ಶಿವಯ್ಯ ಬೀದಿಗೆಲ್ಲ ಕೇಳುವಂತೆ, "ಓಂಬಾಳಕ್ಕ, ಕೋರ್ಟ್ ನೋಟೀಸಾ ನೋಡು ಬಾ" ಅಂತ ಕೂಗಿದ. ನಾಲ್ಕು ಮನೆಯವರು ಹೊರಗೆ ಬಂದು ನಿಂತರು. ನಿನ್ನ ಅಕ್ಷರ ಕಾಗೆ ಕಾಲಿನಂತಿದೆ. ನಾನು ತಿದ್ದಿಸಿದ್ದು ಅಂತ ಯಾರ ಹತ್ತಿರವೂ ಹೇಳಬೇಡ.

ಪಾಠ ಅರ್ಥವಾಯಿತು. ಟಿ ಅಂದೆಯಲ್ಲ, ನನಗೆ ಎಲ್ಲಕ್ಕಿಂತ ಬೇಗ ಹತ್ತಿದ್ದು ಅದೇ. ನಮ್ಮ ರೇಷ್ಮೆ ಹುಳು ಸೊಪ್ಪು ತಿಂದು ತಿಂದು ಒಂದು ದಿನ ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ತಿಳಿಯದವರು ಸತ್ತೇಹೋಯಿತು ಅಂದುಕೊಳ್ಳುತ್ತಾರೆ. ಅದು ಒಳಗೊಳಗೇ ಚರ್ಮ ಬದಲಾಯಿಸುತ್ತಿರುತ್ತದೆ. ಆಗ ಅದನ್ನು ಅಲುಗಾಡಿಸಬಾರದು. ಎದ್ದ ಮೇಲೆ ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಟಿ ಅಂದರೆ ಹೃದಯ ಜ್ವರಕ್ಕೆ ಕೂರುವುದು ಅಂತ ನಿಮ್ಮ ಮೇಡಮ್ಮಿಗೆ ಹೇಳು, ಒಪ್ಪುತ್ತಾರೋ ನೋಡೋಣ.

ಆದರೆ ಮುಖ್ಯವಾದದ್ದನ್ನೇ ನೀನು ಬರೆದಿಲ್ಲ. ಆ ಗೆರೆ ಹೇಗಿದ್ದರೆ ಸರಿ, ಹೇಗಿದ್ದರೆ ತೊಂದರೆ? ಅದನ್ನು ಬಿಡಿಸಿ ಬರೆ. ಚಿತ್ರ ಹಾಕಿ ಬರೆ.

ನಾಳೆ ಹಬ್ಬ. ಎಳ್ಳು ಬೀರಲು ಕೊಬ್ಬರಿ ಹೆಚ್ಚುತ್ತಾ ಕೂತಿದ್ದೇನೆ. ಮೊನ್ನೆ ಸೊಪ್ಪಿನ ಹೊರೆ ಹೊತ್ತು ಕೆರೆ ಏರಿ ಹತ್ತುವಾಗ ಎದೆ ಹಿಡಿದಂತಾಗಿ ಕೂತುಬಿಟ್ಟೆ. ಗ್ಯಾಸು. ಸುಧಾರಿಸಿಕೊಂಡು ಬಂದು ಜೀರಿಗೆ ಕಷಾಯ ಕುಡಿದೆ, ಸರಿಹೋಯಿತು. ನಿಮ್ಮ ದೊಡ್ಡಪ್ಪ ಬಾಗಿಲಲ್ಲೇ ನಿಂತು, "ಏನೇ, ನೀನು ಕಾಗ್ದ ಬರ್ಕಂಡು ಕುಂತ್ರೆ ಉಳಕ್ಕೆ ಸೊಪ್ಪು ಯಾರಾಕಾರು?" ಅನ್ನುತ್ತಿದ್ದಾರೆ. ನಿಲ್ಲಿಸುತ್ತೇನೆ.

ನಿನ್ನ ದೊಡ್ಡವ್ವ
ಹೊಂಬಾಳಮ್ಮ


ಮಂಡ್ಯ
20-1-2025

ದೊಡ್ಡವ್ವ,

ನೀನು ಇಲ್ಲಿ ಫೇಮಸ್ಸು. ಮೇಡಂ ನಿನ್ನ ಕಾಗದವನ್ನು ಕ್ಲಾಸಿನಲ್ಲಿ ಓದಿಸಿದರು. ಹೃದಯ ಜ್ವರಕ್ಕೆ ಕೂರುವುದು ಅನ್ನುವ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮಳವಳ್ಳಿ ಕಡೆಯವಳೊಬ್ಬಳು ನಮ್ಮ ಮನೇಲೂ ಹುಳು ಮೇಯಿಸುತ್ತಾರೆ, ನನಗೆ ಹೊಳೆಯಲೇ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡಳು. ಆ ಜೀರಿಗೆ ಕಷಾಯ ನನಗೂ ಬೇಕು. ಹಾಸ್ಟೆಲಿನ ಚಿತ್ರಾನ್ನ ತಿಂದರೆ ನನಗೂ ನಿನ್ನಂತೆಯೇ ಗ್ಯಾಸು.

ಸರಿ, ಪಾಠ. ಮೊದಲು ಹಲ್ಲಿಗೂ ಹಲ್ಲಿಗೂ ನಡುವಿನ ಅಂತರ ನೋಡಬೇಕು. ಒಂದೇ ಸಮನಾಗಿದ್ದರೆ ಬಡಿತ ತಾಳ ತಪ್ಪಿಲ್ಲ ಅಂತ. ಪ್ರತಿ ಹಲ್ಲಿಗೂ ಮುಂಚೆ ಒಂದು ಪಿ ಇರಬೇಕು. ಹಲ್ಲು ಇಳಿದ ಮೇಲೆ ಗೆರೆ ನೆಲಮಟ್ಟಕ್ಕೆ ಬರಬೇಕು. ಬಾರದೆ ಮೇಲೇ ನಿಂತರೆ ರಕ್ತನಾಳ ಕಟ್ಟಿಕೊಂಡಿರಬಹುದು. ಅಂಥ ಗೆರೆ ಇರುವ ಕಾಗದದ ಪಟ್ಟಿ ಬಂದರೆ ನಾವು ಯಾರನ್ನೂ ಕೇಳದೆ ಡಾಕ್ಟರ ಹತ್ತಿರ ಓಡಬೇಕು. ಟಿ ಗುಡ್ಡದಂತಿರುವ ಬದಲು ಹಳ್ಳದಂತೆ ತಲೆಕೆಳಗಾಗಿದ್ದರೆ ಅದೂ ಒಂದು ಸೂಚನೆ. ಚಿತ್ರ ಹಿಂದಿನ ಪುಟದಲ್ಲಿದೆ.

ವೈರು ಹತ್ತು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದನ್ನು ಕಚ್ಚಿಸುವುದು, ಅಷ್ಟೆ. ಇನ್ನು ಆರು ಎದೆಗೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಡ್ಯೂಟಿಗೆ ಹೊತ್ತಾಯಿತು.

ಹೇಮಶ್ರೀ


ಬೆಳಕವಾಡಿ
2-2-2025

ಹೇಮಾ,

ನಿನ್ನ ಎರಡು ಕಾಗದವನ್ನೂ ಹುಳುಮನೆಯ ಗೂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಸೊಪ್ಪು ಹಾಕಿ ಕೈ ಬಿಡುವಾದಾಗ ಓದುತ್ತೇನೆ.

ಒಂದು ವಿಷಯ. ಮಳವಳ್ಳಿಯಲ್ಲಿ ಈಚೆಗೆ ಉಚಿತ ತಪಾಸಣೆ ಇತ್ತು. ಪಕ್ಕದ ಮನೆ ಅಂಕಮ್ಮ ಹೋಗಿದ್ದಳು. ಅವಳಿಗೆ ಇ.ಸಿ.ಜಿ. ತೆಗೆದು ಪಟ್ಟಿ ಕೈಗೆ ಕೊಟ್ಟಿದ್ದಾರೆ. ಅವಳು ಓದಿದವಳಲ್ಲ, ನನ್ನ ಹತ್ತಿರ ತಂದಳು. ನಾನು ಕನ್ನಡಕ ಹಾಕಿಕೊಂಡು ನಿನ್ನ ಚಿತ್ರ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿದೆ. ಪಿ ಇದೆ. ಹಲ್ಲುಗಳು ಒಂದೇ ಸಮನಾಗಿವೆ. ಗೆರೆ ನೆಲಮಟ್ಟಕ್ಕೆ ಬರುತ್ತದೆ. ಟಿ ಗುಡ್ಡದಂತೆಯೇ ಇದೆ. ಇನ್ನು ಹಾಳೆಯ ಬಲಗಡೆ ಅರ್ಧಕ್ಕರ್ಧ ಅಡಿಪಟ್ಟಿ ಇಟ್ಟು ಎಳೆದಂತೆ ನೇರ ಗೆರೆ. ನೇರ ಗೆರೆ ಅಂದರೆ ವಿಶ್ರಾಂತಿ ಅಂತ ನೀನೇ ಬರೆದಿದ್ದೀಯ. ಅಂದ ಮೇಲೆ ಅವಳ ಹೃದಯ ಚೆನ್ನಾಗಿ ಸುಧಾರಿಸಿಕೊಳ್ಳುತ್ತಿದೆ ತಾನೆ? ಏನೂ ಹೆದರಬೇಡ ಅಂತ ಹೇಳಿ ಕಳಿಸಿದೆ. ಹೊರೆ ಹೊತ್ತಾಗ ಎದೆ ಹಿಡಿಯುವುದು, ದವಡೆ ಸೆಳೆಯುವುದು ಉಂಟಂತೆ, ಕೂತರೆ ಸರಿಹೋಗುತ್ತದಂತೆ. ಅವಳಿಗೂ ಗ್ಯಾಸೇ ಇರಬೇಕು.

ನಾನು ಓದಿದ್ದು ಸರಿಯೋ ತಪ್ಪೋ ಬರೆ. ಸರಿಯಾಗಿದ್ದರೆ ನನಗೂ ಒಂದು ಸರ್ಟಿಫಿಕೇಟು ಕೊಡಿಸು.

ಹುಳು ಮೂರನೇ ಜ್ವರ ಎದ್ದಿವೆ. ಇನ್ನು ಸೊಪ್ಪು ಎಷ್ಟು ತಂದರೂ ಸಾಲದು.

ದೊಡ್ಡವ್ವ


ಮಂಡ್ಯ
7-2-2025

ದೊಡ್ಡವ್ವ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯಿತು, ಯಾಕೆಂದರೆ ತಪ್ಪು ನನ್ನದು. ಅರ್ಧ ಪಾಠ ಬರೆದು ಬಿಟ್ಟೆ.

ಬಡಿತಕ್ಕೂ ಬಡಿತಕ್ಕೂ ನಡುವೆ ಬರುವ ನೇರ ಗೆರೆ ಮಾತ್ರ ವಿಶ್ರಾಂತಿ. ಅರ್ಧ ಹಾಳೆ ಪೂರ್ತಿ ನೇರವಾಗಿದ್ದರೆ ಆ ಕಡೆಯ ವೈರುಗಳನ್ನು ಹಾಕಿಯೇ ಇಲ್ಲ ಅಂತ ಅರ್ಥ. ಹೃದಯ ಆರಾಮಾಗಿದೆ ಅಂತಲ್ಲ, ಅಲ್ಲಿ ಯಾರೂ ನೋಡಿಲ್ಲ ಅಂತ. ಹಾಳೆಯ ಎಡಗಡೆಯ ಆರು ಗೆರೆ ಕೈಕಾಲಿನ ವೈರಿನವು. ಬಲಗಡೆಯ ಆರು ಎದೆಯ ವೈರಿನವು. ಹೃದಯದ ಮುಂಗೋಡೆಯನ್ನು ನೆಟ್ಟಗೆ ಎದುರಿಗೆ ನಿಂತು ನೋಡುವವು ಅವೇ. ಅವನ್ನು ಬಿಟ್ಟರೆ, ನಿನ್ನ ಹುಳುಮನೆಯನ್ನು ಹಿತ್ತಲಿಂದ ನೋಡಿ ಮುಂದಿನ ಬಾಗಿಲು ಭದ್ರವಾಗಿದೆ ಅಂದಂತೆ.

ಎದೆಯ ಪಾಠವನ್ನು ಯಾಕೆ ಬಿಟ್ಟೆ ಅಂದರೆ, ಡಿಸೆಂಬರಿನ ಪ್ರಾಕ್ಟಿಕಲ್‌ನಲ್ಲಿ ನಾನು ಫೇಲಾಗಿದ್ದೇ ಅದರಲ್ಲಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಎದೆಮೂಳೆಯ ಆ ಕಡೆ ಈ ಕಡೆ ಒಂದೊಂದು ಅಂಟಿಸಬೇಕು. ಅಲ್ಲಿಂದ ಎಡಕ್ಕೆ, ಮೊಲೆಯ ಕೆಳಗಿನಿಂದ ಸುತ್ತಿಕೊಂಡು ಕಂಕುಳ ತನಕ ಇನ್ನು ನಾಲ್ಕು. ಅವತ್ತು ಮಲಗಿದ್ದವರು ನಿನ್ನ ವಯಸ್ಸಿನ ಹೆಂಗಸು. ಬ್ಲೌಸು ಬಿಚ್ಚಿ ಅನ್ನಲು ನನಗೆ ನಾಲಗೆ ಹೊರಳಲಿಲ್ಲ. ಬ್ಲೌಸನ್ನು ಒಂದಿಷ್ಟು ಸರಿಸಿ, ಸಿಕ್ಕಿದ ಕಡೆ ಮೇಲೆ ಮೇಲೆ ಅಂಟಿಸಿದೆ. ಮೇಡಂ ಪಟ್ಟಿ ನೋಡಿ, "ನಾಚ್ಕಂಡು ಮೇಲಾಕಿದ್ರೆ ಆ ತಾಯಿಗೆ ಸುಳ್ಳು ಪಟ್ಟಿ ಬರ್ಕೊಟ್ಟಂಗೆ ಕಣಮ್ಮ. ನಿನ್ ನಾಚ್ಕೆ ಅವ್ರ ಪ್ರಾಣಕ್ಕಿಂತ ದೊಡ್ಡದಾ?" ಅಂದರು. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ. ಒಪ್ಪಿ ಮಲಗುವ ಹೆಂಗಸೊಬ್ಬರನ್ನು ನಾವೇ ಕರೆತರಬೇಕಂತೆ. ಹೊರಗಿನ ಪರೀಕ್ಷಕರ ಮುಂದೆ ಯಾರು ಮಲಗುತ್ತಾರೆ ಹೇಳು. ಇದರಲ್ಲೂ ಫೇಲಾದರೆ ಮನೆಗೆ ಬಾ ಅಂತಾರೆ ಅಪ್ಪ.

ಅದಿರಲಿ. ಅಂಕಮ್ಮನವರು ಹೇಳಿದ್ದು ನನಗೆ ಗ್ಯಾಸಿನಂತೆ ಕಾಣಲಿಲ್ಲ. ಹೊರೆ ಹೊತ್ತಾಗ ಬಂದು ಕೂತರೆ ಹೋಗುವ ನೋವಿಗೆ ಕಷಾಯ ಕುಡಿದು ಸುಮ್ಮನಿರಬಾರದು. ಸದ್ಯಕ್ಕೆ ಹೊರೆ ಹೊರುವುದು ಬೇಡ ಅನ್ನು. ಆ ಪಟ್ಟಿಯನ್ನು ಪೋಸ್ಟಿನಲ್ಲಿ ಕಳಿಸು, ಮೇಡಮ್ಮಿಗೆ ತೋರಿಸುತ್ತೇನೆ. ಅದಕ್ಕೂ ಮೊದಲು ಅವರೇ ಇಲ್ಲಿಗೆ ಬಂದರೆ ಇನ್ನೂ ಒಳ್ಳೆಯದು.

ಹೇಮಶ್ರೀ


ಬೆಳಕವಾಡಿ
17-2-2025

ಹೇಮಾ,

ಪಟ್ಟಿ ಕಳಿಸು ಅಂದೆ, ಕಳಿಸಿದ್ದೇನೆ. ಲಕೋಟೆಯಲ್ಲಿರುವ ಕಪ್ಪು ಹಾಳೆಯೇ ಅದು. ಪೋಸ್ಟಿನಲ್ಲಿ ಮುದುಡಿ ಹಾಳಾಗದಿರಲಿ ಅಂತ ಮಳವಳ್ಳಿ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ನಮ್ಮ ಆಧಾರು, ಪಹಣಿ, ನಿಮ್ಮ ದೊಡ್ಡಪ್ಪನ ರೇಷನ್ ಕಾರ್ಡು ಎಲ್ಲ ಅಲ್ಲೇ ಮಾಡಿಸಿದ್ದು, ಒಂದೂ ಕೆಟ್ಟಿಲ್ಲ. ಇದು ಮೆಷಿನ್ನಿನ ಆ ಕಡೆಯಿಂದ ಬರುವಾಗ ಕಾಡಿಗೆಯಾಗಿ ಬಂತು. ಅಂಗಡಿಯವನೇ ಬೆಚ್ಚಿಬಿದ್ದು, "ಇದೇನಕ್ಕ, ಏನ್ ಕಾಗ್ದ ಕೊಟ್ರಿ ನೀವು?" ಅಂತ ನನ್ನನ್ನೇ ಕೇಳಿದ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅಂತ ನೀನಾದರೂ ಬರೆಯಬಾರದಿತ್ತೇ?

ಇನ್ನೊಂದು. ಆ ಪಟ್ಟಿ ಅಂಕಮ್ಮನದಲ್ಲ. ನನ್ನದು.

ತಪಾಸಣೆಗೆ ಅವಳನ್ನು ಕರೆದುಕೊಂಡು ಹೋದವಳು ನಾನು. ಅವಳು ಬರೀ ಬಿ.ಪಿ. ತೋರಿಸಿಕೊಂಡು ಬಂದಳು. ನನ್ನನ್ನು ಮಲಗಿಸಿದರು. ಕೈಗೆ ಕಾಲಿಗೆ ಹಾಕಿದರು. ಆಮೇಲೆ ಆ ಮೆಷಿನ್ನಿನವನು, ನನಗೆ ಮಗನಾಗುವ ವಯಸ್ಸಿನವನು, "ಅಮ್ಮ, ಬ್ಲೌಸು" ಅಂದ. ನಡುವೆ ಪರದೆ ಅಂತ ಕಟ್ಟಿದ್ದು ಒಂದು ಬೆಡ್‌ಶೀಟು, ಗಾಳಿಗೆ ಹಾರಾಡುತ್ತಿತ್ತು. ಆ ಕಡೆ ಊರಿನ ಗಂಡಸರು ಸಾಲಾಗಿ ಕೂತಿದ್ದರು. "ಅಷ್ಟೇ ಸಾಕು ಬುಡಪ್ಪ" ಅಂದೆ. ಅವನೂ ಪಾಪ ಒತ್ತಾಯ ಮಾಡಲಿಲ್ಲ. ಅಲ್ಲಿದ್ದ ಡಾಕ್ಟರಮ್ಮ, ಮಂಡ್ಯದಲ್ಲಿ ಪೂರ್ತಿ ತೆಗೆಸಿ ಅಂದರು. ಹೂಂ ಅಂದು ಬಂದೆ. ನಿನ್ನ ಕಾಗದ ಕೈಯಲ್ಲಿತ್ತಲ್ಲ, ನಾನೇ ಓದಿಕೊಂಡರಾಯಿತು ಅಂದುಕೊಂಡೆ.

ನೀನು ನಾಚಿಕೆಯಿಂದ ಫೇಲಾದೆ ಅಂತ ಓದಿದ ಮೇಲೆ ನನಗೆ ನಿನಗಿಂತ ಹೆಚ್ಚು ನಾಚಿಕೆಯಾಯಿತು.

ಹುಳು ಹಣ್ಣಾಗುತ್ತಿವೆ. ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಆಮೇಲೆ ಬರುತ್ತೇನೆ. ನಿಮ್ಮ ದೊಡ್ಡಪ್ಪನಿಗೆ ಹೇಳಬೇಡ, ಗಾಬರಿ ಮಾಡಿಕೊಂಡು ಹಿಪ್ಪುನೇರಳೆ ತೋಟವನ್ನೇ ಕೀಳಿಸಿಬಿಡುತ್ತಾರೆ.

ದೊಡ್ಡವ್ವ


ಮೈಸೂರು
22-2-2025

ದೊಡ್ಡವ್ವ,

ಐ.ಸಿ.ಯು. ಒಳಗೆ ಫೋನು ಬಿಡುವುದಿಲ್ಲ. ಈ ಚೀಟಿಯನ್ನು ಸಿಸ್ಟರು ನಿನಗೆ ತಲುಪಿಸುತ್ತೇನೆ ಅಂದಿದ್ದಾರೆ. ನಿನಗೆ ಎಚ್ಚರವಾದಾಗ ನಾನು ಕಾಣದಿದ್ದರೆ ಹೆದರಬೇಡ, ಬಾಗಿಲ ಆ ಕಡೆಯೇ ಇದ್ದೇನೆ.

ಆ ಕಪ್ಪು ಹಾಳೆ ಕೈಗೆ ಬಂದಾಗ ನಾನು ಒಂದು ನಿಮಿಷವೂ ಕಾಯಲಿಲ್ಲ. ನೀನು ಹೇಳಬೇಡ ಅಂದಿದ್ದೆ, ನಾನು ದೊಡ್ಡಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಬೈಯುವುದಿದ್ದರೆ ಊರಿಗೆ ಹೋದ ಮೇಲೆ ಬೈ. ಅವರು ಕಾರು ಮಾಡಿಕೊಂಡು ನಿನ್ನನ್ನು ಮಂಡ್ಯಕ್ಕೆ ಕರೆತಂದರಲ್ಲ, ಹುಳು ಬಿಟ್ಟು ಬರಲ್ಲ ಅಂತ ನೀನು ಹಟ ಹಿಡಿದಾಗ ಅಂಕಮ್ಮನವರು, "ಉಳ ನಾ ನೋಡ್ಕತೀನಿ ಓಗಕ್ಕ, ನನ್ ಎಸ್ರು ಯೋಳ್ಕಂಡು ಬರ್ಯಕ್ಕಾಯ್ತದೆ, ಉಳ ಬುಟ್ಟೋಗಕ್ಕಾಗಲ್ವಾ?" ಅಂದರಂತೆ. ದೊಡ್ಡಪ್ಪ ಅದನ್ನು ಹೇಳಿ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. "ನಂಗ್ಯಾಕ್ ಯೋಳ್ನಿಲ್ಲ ಇವ್ಳು?" ಅಂತ ಒಂದೇ ಸಮನೆ ಕೇಳುತ್ತಿದ್ದಾರೆ.

ನೀನು ಕೇಳಬೇಕು ಅಂತಿದ್ದೆ, ಮಂಡ್ಯದಲ್ಲಿ ನಾನು ತೆಗೆದ ನಿನ್ನ ಪಟ್ಟಿಯಲ್ಲಿ ಏನಿತ್ತು ಅಂತ. ನಾನೇ ಹೇಳುತ್ತೇನೆ. ಕೈಕಾಲಿನ ಆರು ಗೆರೆಯನ್ನು ನೀನು ಓದಿದ್ದು ಸರಿ, ಒಂದು ತಪ್ಪೂ ಇರಲಿಲ್ಲ. ಎದೆಯ ಆರರಲ್ಲಿ ಎರಡನೆಯದು, ಮೂರನೆಯದು, ನಾಲ್ಕನೆಯದರಲ್ಲಿ ಟಿ ತಲೆಕೆಳಗಾಗಿತ್ತು. ಕಾಗದ ಈಚೆ ಬರುತ್ತಿದ್ದಂತೆ ನನಗೆ ಗೊತ್ತಾಯಿತು. ನಿನ್ನ ಮುಖ ನೋಡಲಾರದೆ ಮೇಡಂ ಹತ್ತಿರ ಓಡಿದೆ. ಮುಂಗೋಡೆಗೆ ರಕ್ತ ಕೊಡುವ ನಾಳ ಬಹುಪಾಲು ಮುಚ್ಚಿತ್ತಂತೆ. ಮಂಡ್ಯದಿಂದ ಇಲ್ಲಿಗೆ ಕಳಿಸಿದರಲ್ಲ, ಇಲ್ಲಿ ಕೈಯ ನಾಳದಿಂದಲೇ ಹೋಗಿ ಸ್ಟೆಂಟು ಹಾಕಿ ತೆರೆದಿದ್ದಾರೆ. ಸರಿಯಾದ ಹೊತ್ತಿಗೆ ಬಂದಿರಿ ಅಂದರು ಡಾಕ್ಟರು.

ನಿನ್ನ ಮೊದಲ ಕಾಗದ ಮತ್ತೆ ಓದಿದೆ. ಎದೆ ಹಿಡಿದಂತಾಗಿ ಕೂತೆ ಅಂತ ಅದರಲ್ಲೇ ಬರೆದಿದ್ದೀಯ. ನಾನು ಆ ಕಷಾಯ ನನಗೂ ಬೇಕು ಅಂದೆ. ಇದನ್ನು ನೆನೆದರೆ ಅಳು ಬರುತ್ತದೆ. ಅತ್ತೂ ಆಯಿತು.

ಬೇಗ ಎದ್ದೇಳು.

ಹೇಮಶ್ರೀ


ಬೆಳಕವಾಡಿ
16-3-2025

ಹೇಮಾ,

ಎದ್ದಿದ್ದೇನೆ. ಹುಳುಮನೆಗೆ ನಡೆದು ಹೋಗುತ್ತೇನೆ, ನಡೆದು ಬರುತ್ತೇನೆ. ಹೊರೆ ಮುಟ್ಟಲು ಬಿಡುತ್ತಿಲ್ಲ. ನಿಮ್ಮ ದೊಡ್ಡಪ್ಪ ತಾವೇ ಹೊರುತ್ತಾರೆ, ಹೊತ್ತು ಬಂದು ನನಗೆ ಕಾಣುವಂತೆ ಏದುಸಿರು ಬಿಡುತ್ತಾರೆ. ಮಾತ್ರೆ ಹೊತ್ತು ಹೊತ್ತಿಗೆ ನುಂಗುತ್ತಿದ್ದೇನೆ. ಅಂಕಮ್ಮ ನೋಡಿಕೊಂಡ ಬೆಳೆ ನನ್ನದಕ್ಕಿಂತ ಚೆನ್ನಾಗಿ ಬಂತು. ಅದನ್ನು ದಿನಕ್ಕೆ ಎರಡು ಸಲ ಹೇಳಿ ತೋರಿಸುತ್ತಾಳೆ, ಕೇಳಿಸಿಕೊಳ್ಳುತ್ತೇನೆ.

ಅತ್ತೂ ಆಯಿತು ಅಂತ ಬರೆದಿದ್ದೆ. ಅಳಬೇಡ. ಮುಚ್ಚಿಟ್ಟವಳು ನಾನು. ಅರ್ಧ ಪಾಠ ಹೇಳಿದವಳಿಗಿಂತ ಅರ್ಧ ಪಟ್ಟಿ ತೆಗೆಸಿಕೊಂಡವಳದೇ ಹೆಚ್ಚು ತಪ್ಪು.

ಅವತ್ತು ಮಂಡ್ಯದಲ್ಲಿ ನಿನ್ನ ಮುಂದೆ ಮಲಗಿದ್ದನ್ನು ನಾನು ಮರೆತಿಲ್ಲ. ನೀನು ಬಾಗಿಲು ಹಾಕಿದೆ. ಪರದೆ ಎಳೆದು, ಎಲ್ಲಾದರೂ ಸಂದು ಉಳಿದಿದೆಯಾ ಅಂತ ಸುತ್ತ ನೋಡಿದೆ. ಒಂದು ಬಟ್ಟೆ ಹೊದಿಸಿ, "ದೊಡ್ಡವ್ವ, ಬ್ಲೌಸು ಬಿಚ್ಚಬೇಕು" ಅಂದೆ. ನಿನ್ನ ದನಿ ನಡುಗಿತು, ಆದರೆ ಮಾತು ಪೂರ್ತಿ ಆಡಿದೆ. ನಾನು ಗೋಡೆ ಕಡೆ ಮುಖ ಮಾಡಿ "ಬಿರ್ರನೆ ಮುಗ್ಸು" ಅಂದೆ. ನೀನು ಅವಸರ ಮಾಡಲಿಲ್ಲ. ಮೂಳೆ ಎಣಿಸಿ, ಜಾಗ ಹುಡುಕಿ, ಒಂದೊಂದನ್ನೂ ಇಟ್ಟೆ. ಮೊದಲನೆಯದು ಇಡುವಾಗ ಬೆರಳು ತಣ್ಣಗೆ ತಾಗಿ ನಾನು ಬೆಚ್ಚಿದೆ. ಆಗ ನೀನು ಎರಡೂ ಕೈ ಉಜ್ಜಿಕೊಂಡು, ಬಾಯಿಂದ ಊದಿ ಬೆಚ್ಚಗೆ ಮಾಡಿಕೊಂಡು ಮತ್ತೆ ಮುಟ್ಟಿದೆ. ಪುಟ್ಟ ಹುಡುಗಿಯಾಗಿದ್ದಾಗ ನಿನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದೆ. ಅದೇ ಕೈ. ನನಗೆ ಆ ಹೊತ್ತಿನಲ್ಲಿ ಭಯ ಹೋಗಿ ಹೆಮ್ಮೆಯಾಯಿತು. ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ.

ನಿಮ್ಮಪ್ಪ ಮೊನ್ನೆ ನನ್ನನ್ನು ನೋಡಲು ಬಂದಿದ್ದರು. ನೀನು ಫೇಲಾದ ವಿಷಯವನ್ನು ನಾನೇ ಹೇಳಿದೆ. ಮುಖ ಗಂಟಿಕ್ಕಿದರು. "ಅವ್ಳು ವೈರ್ ಕೆಲ್ಸ ಕಲೀದೆ ಇದ್ದಿದ್ರೆ ನೀವೀಗ ನನ್ ತಿಥಿ ಊಟಕ್ ಬರ್ಬೇಕಿತ್ತು" ಅಂದೆ. ಹೊರಡುವಾಗ ನಿನ್ನ ಪರೀಕ್ಷೆ ಯಾವತ್ತು ಅಂತ ಕೇಳಿದರು.

ಈಗ ಆ ಪರೀಕ್ಷೆಯ ವಿಷಯ. ಹೆಂಗಸೊಬ್ಬರನ್ನು ಕರೆತರಬೇಕು, ಯಾರು ಬರುತ್ತಾರೆ ಅಂತ ಬರೆದಿದ್ದೆಯಲ್ಲ. ನಾನು ಬರುತ್ತೇನೆ. ಪರೀಕ್ಷೆ ಮಾಡುವವರು ಗಂಡಸಾದರೂ ಸರಿ, ಹತ್ತು ಜನ ನಿಂತು ನೋಡಿದರೂ ಸರಿ, ಮಲಗುತ್ತೇನೆ. ಹಿಂದಿನ ದಿನವೇ ಮಳವಳ್ಳಿಯಿಂದ ಬಸ್ಸು ಹತ್ತುತ್ತೇನೆ. ಆರೂ ವೈರನ್ನು ಎಲ್ಲಿಡಬೇಕೋ ಅಲ್ಲೇ ಇಡು, ನನ್ನ ಮುಖ ನೋಡಬೇಡ.

ಕೈ ಮಾತ್ರ ಮೊದಲೇ ಬೆಚ್ಚಗೆ ಮಾಡಿಕೊ.

ನಿನ್ನ ದೊಡ್ಡವ್ವ
ಹೊಂಬಾಳಮ್ಮ